ಆ ದಿನ ಪವಾರ್ ಎಲ್ಲಿದ್ದರು?

ಪುಣೆ ಜಿಲ್ಲೆಯಲ್ಲಿ ‘ಸಾಹೇಬ’ ಎಂದರೆ ಹೆಸರು ಹೇಳಬೇಕಾಗಿಲ್ಲ. ದೀಪಾವಳಿ ಪಾಡ್ಯದಂದು ಬಾರಾಮತಿಯ ಗೋವಿಂದ ಬಾಗ್ ಮುಂದೆ ಶರದ್ ಪವಾರ್ ಅವರಿಗೆ ಕೈಮುಗಿದು ಹೋಗಲು ಊರೂರಿಂದ ಜನ ಸಾಲುಗಟ್ಟುತ್ತಿದ್ದ ದೃಶ್ಯ ಆ ನೆಲಕ್ಕೆ ಹೊಸದಲ್ಲ. 2024ರ ನವೆಂಬರ್‌ನಲ್ಲಿ ಅದೇ ಬಾರಾಮತಿಯಲ್ಲಿ ಅವರು ಇನ್ನು ಚುನಾವಣೆಗೆ ನಿಲ್ಲುವುದಿಲ್ಲ ಎಂದರು. 14 ಸಲ ನಿಂತೆ, ನೀವು ಒಮ್ಮೆಯೂ ನನ್ನನ್ನು ಮನೆಗೆ ಕಳಿಸಲಿಲ್ಲ ಎಂದು ಮತದಾರರಿಗೆ ಕೃತಜ್ಞತೆ ಹೇಳಿದರು. ನಾವು ಮಲ್ಲಿಕಾರ್ಜುನ ಖರ್ಗೆಯವರನ್ನು 2019ರವರೆಗೆ ‘ಸೋಲಿಲ್ಲದ ಸರದಾರ’ ಎಂದು ಕರೆದಂತೆ ಮರಾಠಿ ಪತ್ರಿಕೆಗಳೂ ಪವಾರರ ಗೆಲುವುಗಳನ್ನು ಎಣಿಸಿ ಎಣಿಸಿ ಹೊಗಳಿದವು.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಗೆಲುವಿನ ಲೆಕ್ಕ ಎಲ್ಲರಿಗೂ ಬಾಯಿಪಾಠ. ಗೆದ್ದು ಹೋದವರು ಸದನದಲ್ಲಿ ಯಾವ ಮಸೂದೆಗೆ ಹೌದೆಂದರು, ಯಾವುದಕ್ಕೆ ಇಲ್ಲವೆಂದರು, ಯಾವ ದಿನ ಬರಲೇ ಇಲ್ಲ ಎಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ, ಯಾರೂ ಕೇಳುವುದೂ ಇಲ್ಲ.

2019ರ ಜುಲೈ 30ನ್ನು ನೋಡಿ. ತ್ರಿವಳಿ ತಲಾಖ್ ಹೇಳಿದವರಿಗೆ ಮೂರು ವರ್ಷದವರೆಗೆ ಜೈಲು ವಿಧಿಸುವ ಮಸೂದೆ ಅಂದು ರಾಜ್ಯಸಭೆಯ ಮುಂದಿತ್ತು. ಪವಾರರ ಪಕ್ಷ ಅದನ್ನು ವಿರೋಧಿಸುತ್ತಿತ್ತು. ಆಳುವ ಮೈತ್ರಿಕೂಟಕ್ಕೆ ಆ ಸದನದಲ್ಲಿ ಬಹುಮತ ಇರಲಿಲ್ಲ. ಆದರೂ ಮಸೂದೆ 99–84ರಲ್ಲಿ ಪಾಸಾಯಿತು. ಮತ ಹಾಕದವರಲ್ಲಿ ಪವಾರ್ ಒಬ್ಬರು, ಅವರದೇ ಪಕ್ಷದ ಪ್ರಫುಲ್ ಪಟೇಲ್ ಇನ್ನೊಬ್ಬರು. ಇವರಿಬ್ಬರು ಬಂದಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ ಎಂಬುದು ನಿಜ. 84 ಹೋಗಿ 86 ಆಗುತ್ತಿತ್ತು, ಅಷ್ಟೆ. ಆದರೆ ಅಂದು ಹಾಗೆ ದೂರ ಉಳಿದವರು ಇವರಿಬ್ಬರೇ ಅಲ್ಲ. ವಿರೋಧಿಸುತ್ತೇವೆ ಎಂದ ಪಕ್ಷಗಳಲ್ಲೇ ಕೆಲವು ಹೊರನಡೆದವು, ಕೆಲವರು ಬರಲೇ ಇಲ್ಲ. ಸಂವಿಧಾನದ 100ನೇ ವಿಧಿಯ ಪ್ರಕಾರ ಹಾಜರಿದ್ದು ಮತ ಹಾಕುವವರ ಬಹುಮತವೇ ಸದನದ ತೀರ್ಮಾನ. ಹಾಗಾಗಿ ಒಬ್ಬ ವಿರೋಧಿ ಗೈರಾದರೆ ಮಸೂದೆ ತಂದವರಿಗೆ ದಾರಿ ಅಷ್ಟು ಸಲೀಸು. ಐದು ದಶಕ ಶಾಸನಸಭೆಗಳಲ್ಲೇ ಬದುಕಿದ ನಾಯಕರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ.

ವಯಸ್ಸು, ಅನಾರೋಗ್ಯ ಎಂದು ಅಭಿಮಾನಿಗಳು ಹೇಳಬಹುದು. ಅದೇ ವರ್ಷ ಅಕ್ಟೋಬರ್ 18ರಂದು ಸಾತಾರದ ಪ್ರಚಾರ ಸಭೆಯಲ್ಲಿ ಸುರಿಯುವ ಮಳೆಯಲ್ಲಿ ಕೊಡೆಯಿಲ್ಲದೆ ನಿಂತು ಭಾಷಣ ಮಾಡಿದವರು ಇದೇ ಪವಾರ್. ಆಗ ಅವರಿಗೆ 78 ವರ್ಷ. ಆ ಚಿತ್ರ ಮಹಾರಾಷ್ಟ್ರದ ಚುನಾವಣೆಯ ಹವೆಯನ್ನೇ ಬದಲಿಸಿತು. ಇನ್ನೂ ಹಿಂದಕ್ಕೆ ಹೋದರೆ, 1986ರ ಗಡಿ ಚಳವಳಿಯ ಹೊತ್ತಿನಲ್ಲಿ ಕರ್ನಾಟಕ ಪೊಲೀಸರ ಕಣ್ಣು ತಪ್ಪಿಸಿ, ವೇಷ ಮರೆಸಿಕೊಂಡು ಬೆಳಗಾವಿ ಹೊಕ್ಕವರೂ ಇವರೇ. ಗಡಿ ವಿಷಯದಲ್ಲಿ ಅವರಿಗೂ ನಮಗೂ ತೀರದ ಜಗಳವಿದೆ. ಅದು ಇಲ್ಲಿ ಬೇಡ. ಹೋಗಲೇಬೇಕು ಎಂದು ನಿರ್ಧರಿಸಿದರೆ ಪೊಲೀಸರ ಕಾವಲನ್ನೂ ದಾಟಿ ಹೋಗುವ ಮನುಷ್ಯ ದೆಹಲಿಯ ತನ್ನ ಆಸನಕ್ಕೆ ಹೋಗಲಿಲ್ಲ ಎಂದರೆ, ಹೋಗದಿರುವುದೇ ಅವರ ನಿಲುವು ಎಂದು ನಾನು ಓದುತ್ತೇನೆ.

2020ರ ಸೆಪ್ಟೆಂಬರ್ 20ರಂದು ಮೂರು ಕೃಷಿ ಮಸೂದೆಗಳಲ್ಲಿ ಎರಡು ರಾಜ್ಯಸಭೆಗೆ ಬಂದವು. 2004ರಿಂದ 2014ರವರೆಗೆ ಹತ್ತು ವರ್ಷ ದೇಶದ ಕೃಷಿ ಸಚಿವರಾಗಿದ್ದ ಪವಾರ್ ಆ ದಿನವೂ ಸದನದಲ್ಲಿರಲಿಲ್ಲ. ಎಪಿಎಂಸಿ ಕಾಯ್ದೆ ಬದಲಿಸಿ, ಖಾಸಗಿಯವರಿಗೂ ಮಾರುಕಟ್ಟೆ ತೆರೆಯಿರಿ ಎಂದು ಸಚಿವರಾಗಿದ್ದಾಗ ಮುಖ್ಯಮಂತ್ರಿಗಳಿಗೆ ಪತ್ರ ಬರೆದವರು ಅವರು. ಆ ಪತ್ರಗಳನ್ನೇ ಬಿಜೆಪಿ ಮುಂದೆ ಅವರ ಮುಖಕ್ಕೆ ಹಿಡಿಯಿತು. ರಾಜ್ಯಗಳ ಜೊತೆ ಚರ್ಚಿಸಿ ಸುಧಾರಣೆ ಮಾಡಬೇಕೆಂದಿದ್ದೆ, ಹೀಗೆ ಹೇರಬೇಕೆಂದಲ್ಲ ಎಂಬುದು ಅವರ ಉತ್ತರ. ಒಪ್ಪುವಂಥ ಉತ್ತರವೇ. ಆದರೆ ಅದನ್ನು ಹೇಳಬೇಕಿದ್ದ ಜಾಗ ರಾಜ್ಯಸಭೆ, ಹೇಳಬೇಕಿದ್ದ ದಿನ ಸೆಪ್ಟೆಂಬರ್ 20. ಆ ವಿಷಯವನ್ನು ಅವರಷ್ಟು ಬಲ್ಲವರು ಆ ಸದನದಲ್ಲಿ ಎಷ್ಟು ಮಂದಿ ಇದ್ದರು?

ಅಂದು ವಿರೋಧ ಪಕ್ಷಗಳು ಮತ ವಿಭಜನೆ ಕೇಳಿದವು. ಉಪಸಭಾಪತಿ ಹರಿವಂಶ್ ಧ್ವನಿಮತಕ್ಕೆ ಹಾಕಿದರು. ಸದಸ್ಯರು ತಮ್ಮ ಜಾಗದಲ್ಲಿರಲಿಲ್ಲ ಎಂಬುದು ಪೀಠದ ವಿವರಣೆ. ಗದ್ದಲ ಮಾಡಿದರೆಂದು ಎಂಟು ಸದಸ್ಯರು ಅಮಾನತಾದರು. ನಮ್ಮ ಸೈಯದ್ ನಾಸಿರ್ ಹುಸೇನ್, ಮಹಾರಾಷ್ಟ್ರದ ರಾಜೀವ್ ಸಾತವ್ ಅವರಲ್ಲಿದ್ದರು. ಸೆಪ್ಟೆಂಬರ್ 22ರಂದು ಪವಾರ್ ಆ ಎಂಟು ಮಂದಿಗೆ ಬೆಂಬಲವಾಗಿ ಒಂದು ದಿನ ಉಪವಾಸ ಮಾಡುವುದಾಗಿ ಪ್ರಕಟಿಸಿದರು. ಉಪವಾಸಕ್ಕೆ ಸಂಸತ್ತಿನಲ್ಲಿ ಲೆಕ್ಕವಿಲ್ಲ.

ಮತ ವಿಭಜನೆ ಎಂದರೆ ಗಂಟೆ ಮೊಳಗುತ್ತದೆ, ಬಾಗಿಲು ಮುಚ್ಚುತ್ತದೆ, ಸದಸ್ಯರು ತಮ್ಮ ತಮ್ಮ ಆಸನದ ಮುಂದಿರುವ ಗುಂಡಿ ಒತ್ತುತ್ತಾರೆ: ಪರವಾದರೆ ಹಸಿರು, ವಿರೋಧವಾದರೆ ಕೆಂಪು, ಎರಡೂ ಅಲ್ಲದಿದ್ದರೆ ಹಳದಿ. ಯಾರು ಏನು ಒತ್ತಿದರು ಎಂಬುದು ಹೆಸರು ಸಮೇತ ನಡಾವಳಿಯಲ್ಲಿ ಅಚ್ಚಾಗುತ್ತದೆ. ಕೆಲವೇ ನಿಮಿಷದ ಕೆಲಸ. ಧ್ವನಿಮತದಲ್ಲಿ ಇದಾವುದೂ ಇಲ್ಲ. ಪೀಠದಲ್ಲಿರುವವರ ಕಿವಿಗೆ ಯಾವ ಕಡೆಯ ಕೂಗು ಜೋರು ಕೇಳಿತೋ ಅದೇ ಕಾನೂನು. ಕೂಗಿದವರು ಯಾರು, ಬಾಯಿ ಮುಚ್ಚಿ ಕುಳಿತವರು ಯಾರು, ಮನೆಯಲ್ಲಿದ್ದವರು ಯಾರು ಎಂದು ಮತದಾರನಿಗೆ ಎಂದೆಂದಿಗೂ ತಿಳಿಯದು.

ಈ ಕತ್ತಲು ಪವಾರರ ಪಕ್ಷಕ್ಕೆ ಹಿಂದೆಯೂ ಒದಗಿ ಬಂದಿತ್ತು. 2014ರಲ್ಲಿ ದೇವೇಂದ್ರ ಫಡಣವೀಸರ ಅಲ್ಪಮತದ ಸರ್ಕಾರಕ್ಕೆ ಎನ್‌ಸಿಪಿ ಹೊರಗಿನಿಂದ ಬೆಂಬಲ ಘೋಷಿಸಿತು. ಚುನಾವಣೆಯಲ್ಲಿ ಯಾರ ವಿರುದ್ಧ ಮತ ಕೇಳಿದ್ದರೋ ಅವರಿಗೇ ಬೆಂಬಲ. ನವೆಂಬರ್ 12ರಂದು ವಿಶ್ವಾಸಮತ ಧ್ವನಿಮತದಲ್ಲೇ ಮುಗಿಯಿತು. ಶಿವಸೇನೆ, ಕಾಂಗ್ರೆಸ್ ಕೂಗಾಡಿದರೂ ಮತ ವಿಭಜನೆ ಆಗಲಿಲ್ಲ. ಎನ್‌ಸಿಪಿಯ ಒಬ್ಬ ಶಾಸಕನ ಹೆಸರೂ ಹಸಿರಿನಲ್ಲೂ ಬೀಳಲಿಲ್ಲ, ಕೆಂಪಿನಲ್ಲೂ ಬೀಳಲಿಲ್ಲ. 2014ರಲ್ಲಿ ಧ್ವನಿಮತದ ನೆರಳಿನಲ್ಲಿ ನಿಂತ ಪಕ್ಷಕ್ಕೆ 2020ರಲ್ಲಿ ಅದೇ ಧ್ವನಿಮತ ಅನ್ಯಾಯವಾಗಿ ಕಂಡಿತು.

ಕರ್ನಾಟಕದವರು ನಾವು ಇದನ್ನು ದೂರದ ಊರಿನ ಕತೆ ಎಂದುಕೊಳ್ಳುವಂತಿಲ್ಲ. 2021ರ ಫೆಬ್ರುವರಿ 8ರಂದು ನಮ್ಮ ವಿಧಾನ ಪರಿಷತ್ತಿನಲ್ಲಿ ಗೋಹತ್ಯೆ ನಿಷೇಧ ಮಸೂದೆ ಪಾಸಾದದ್ದೂ ಹೀಗೆಯೇ, ಮತ ವಿಭಜನೆಯ ಬೇಡಿಕೆಯ ನಡುವೆ, ಗದ್ದಲದಲ್ಲಿ, ಧ್ವನಿಮತದಿಂದ. ಕೃಷಿ ಕಾನೂನುಗಳನ್ನು 2021ರ ನವೆಂಬರ್ 29ರಂದು ಹಿಂಪಡೆದದ್ದೂ ಚರ್ಚೆಯಿಲ್ಲದೆ, ಧ್ವನಿಮತದಲ್ಲೇ. ತಂದಾಗಲೂ ಹೆಸರಿಲ್ಲ, ತೆಗೆದಾಗಲೂ ಹೆಸರಿಲ್ಲ.

ವಿಪ್ ಇದೆಯಲ್ಲ, 1985ರ ಪಕ್ಷಾಂತರ ನಿಷೇಧದ ನಂತರ ಸಂಸದನಿಗೆ ಸ್ವಂತ ಮತ ಎಲ್ಲಿದೆ ಎಂದು ಕೇಳುವವರಿದ್ದಾರೆ. ಸಾಮಾನ್ಯ ಸಂಸದನ ಮಟ್ಟಿಗೆ ಅದು ಸರಿ. ಪವಾರರ ಮಟ್ಟಿಗೆ ಅಲ್ಲ. 1999ರ ಜೂನ್‌ನಲ್ಲಿ ಪಕ್ಷ ಕಟ್ಟಿದವರು ಅವರು, ಅದರ ಅಧ್ಯಕ್ಷರಾಗಿದ್ದವರೂ ಅವರೇ. ಅವರ ಮೇಲೆ ವಿಪ್ ಬೀಸುವವರು ಯಾರಿದ್ದರು? ಒಂದು ಮತದ ಬೆಲೆಯೂ ಅವರಿಗೆ ಗೊತ್ತು. ಅದೇ ವರ್ಷ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269–270ರಲ್ಲಿ ಬಿದ್ದಾಗ ಲೋಕಸಭೆಯ ವಿರೋಧ ಪಕ್ಷದ ನಾಯಕರಾಗಿದ್ದವರು ಅವರೇ.

ಪುಣೆಗೆ ಬೇರೆಯದೇ ಪರಂಪರೆಯೊಂದಿದೆ. 1971ರಲ್ಲಿ ಕಾಂಗ್ರೆಸ್ಸಿನಿಂದ ಇಲ್ಲಿ ಗೆದ್ದ ಮೋಹನ್ ಧಾರಿಯಾ, ಜಯಪ್ರಕಾಶ ನಾರಾಯಣರ ಜೊತೆ ಮಾತುಕತೆ ನಡೆಸಿ ಎಂದದ್ದಕ್ಕೆ 1975ರ ಮಾರ್ಚ್‌ನಲ್ಲಿ ಸಚಿವ ಸ್ಥಾನ ಕಳೆದುಕೊಂಡರು. ಜುಲೈನಲ್ಲಿ, ವಿರೋಧ ಪಕ್ಷದ ಎಷ್ಟೋ ಸದಸ್ಯರು ಜೈಲಿನಲ್ಲಿದ್ದಾಗ, ಲೋಕಸಭೆಯಲ್ಲಿ ಎದ್ದು ನಿಂತು ತುರ್ತು ಪರಿಸ್ಥಿತಿಯನ್ನು ಖಂಡಿಸಿದರು. 1977ರಲ್ಲಿ ಜನತಾ ಪಕ್ಷದವರಾಗಿ ನಿಂತ ಅವರನ್ನು ಪುಣೆ ಮತ್ತೆ ಗೆಲ್ಲಿಸಿತು. ಎದುರಿಗೇ ನಿಂತು ಮಾತಾಡಿದವನನ್ನು ಮತದಾರ ಕೈಬಿಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಪವಾರರಿಗೆ ಬೇಕಿರಲಿಲ್ಲ.

ಪವಾರರಿಗೆ ಆ ಧೈರ್ಯ ಇರಲಿಲ್ಲವೆಂದು ನಾನು ಹೇಳಲಾರೆ. ಮರಾಠವಾಡ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರ್ ಹೆಸರು ಸೇರಿಸುವ ಮಾತಿಗೆ ಊರುಗಳು ಹೊತ್ತಿ ಉರಿದದ್ದನ್ನು ಕಂಡೂ, 1994ರ ಜನವರಿ 14ರಂದು ಮುಖ್ಯಮಂತ್ರಿಯಾಗಿ ಆ ಹೆಸರು ಸೇರಿಸಿದವರು ಅವರು. ಮರು ವರ್ಷದ ಚುನಾವಣೆಯಲ್ಲಿ ಅಧಿಕಾರ ಹೋಯಿತು. ನನಗೆ ಅವರ ಮೇಲಿರುವ ಗೌರವ ಆ ಒಂದು ನಿರ್ಧಾರದ್ದು. ಅಂಥವರು 2019ರಲ್ಲಿ, 2020ರಲ್ಲಿ ಕೆಂಪು ಗುಂಡಿ ಇರುವ ಆಸನಕ್ಕೆ ಬಾರದೇ ಹೋದದ್ದು ಅದಕ್ಕೇ ಹೆಚ್ಚು ನೋಯಿಸುತ್ತದೆ.

ಪ್ರತಿ ಮಸೂದೆಯ ಅಂತಿಮ ಅಂಗೀಕಾರ ಹೆಸರು ಸಮೇತ ದಾಖಲಾಗುವ ಮತದಾನದಿಂದಲೇ ಆಗಬೇಕು. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ಸದನಗಳು ತಮ್ಮ ನಿಯಮಾವಳಿ ತಿದ್ದಿಕೊಂಡರೆ ಸಾಕು. ಗೈರಾದವರ ಪಟ್ಟಿಯನ್ನೂ ಅದರ ಜೊತೆಗೇ ಪ್ರಕಟಿಸಬೇಕು. ಅಲ್ಲಿಯವರೆಗೆ, ಬೀದರಿನವರಾಗಲಿ ಬಾರಾಮತಿಯವರಾಗಲಿ, ನಿಮ್ಮ ಸಂಸದರು ಹಾರ ಹಾಕಿಸಿಕೊಳ್ಳಲು ಊರಿಗೆ ಬಂದಾಗ ಮಸೂದೆಯ ಹೆಸರು, ತಾರೀಕು ಹೇಳಿ ಕೇಳಿ: ಅಂದು ನೀವು ಎಲ್ಲಿದ್ದಿರಿ, ಯಾವ ಗುಂಡಿ ಒತ್ತಿದಿರಿ?