ಕಿರುಚೋ ಚಕ್ರಾನೇ ವಾಸಿ!

ಹೀರೋ ಕಾರು ಗಕ್ಕನೆ ನಿಲ್ಲುತ್ತೆ, "ಕ್ರೀ...ಚ್" ಅಂತ ಸದ್ದು, ಗಾಂಧಿಕ್ಲಾಸಿನಿಂದ ನಿಮ್ಮ ಸಿಳ್ಳೆ! ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅದು ಬ್ರೇಕಿನ ಸದ್ದಲ್ಲ, ಟಾರು ರಸ್ತೆಗೆ ಟೈರು ಉಜ್ಜುವ ಸದ್ದು. ಮಣ್ಣು ರಸ್ತೆಯಲ್ಲೂ ಅದೇ ಕೇಳಿಸಿದ್ರೆ ಡಬ್ಬಿಂಗ್ ಥಿಯೇಟರಿನವರ ಕೈಚಳಕ! ಬ್ರೇಕಿನ ನಿಜವಾದ ಸದ್ದೇ ಬೇರೆ. ಅದು ನನ್ನ ಒಂದು ದಿನದ ಬಾಡಿಗೆ ನುಂಗಿದ ಕಥೆ ಈ ವಾರ.

ನನ್ನದು 1964ರ ಅಂಬಾಸಿಡರ್, ಶೂಟಿಂಗಿಗೆ ಬಿಡೋ ಗಾಡಿ. 2018ರಲ್ಲಿ ಹಳೇ ಕಾಲದ ಕಥೆಯ ಒಂದು ಚಿತ್ರಕ್ಕೆ ನಂದಿಬೆಟ್ಟಕ್ಕೆ ಹೋಗಿದ್ದೆ. ಬೆಟ್ಟ ಇಳಿಯೋ ದೃಶ್ಯ. ಸ್ಟೀರಿಂಗ್ ಹಿಡಿಯೋದು ಹೀರೋ, ಹಿಂದಿನ ಸೀಟಲ್ಲಿ ಏಳೆಂಟು ವರ್ಷದ ಹುಡುಗಿ. ಮಾತೆಲ್ಲ ಅಲ್ಲೇ ರೆಕಾರ್ಡ್. ರಿಹರ್ಸಲ್ ಆದ ಕೂಡಲೇ ಸೌಂಡಿನವರು ಕಿವಿ ಮುಚ್ಕೊಂಡ್ರು. "ಅಣ್ಣ, ನಿಮ್ ಬ್ರೇಕು ಹಂದಿ ಕುಯ್ದ ಹಾಗೆ ಕಿರುಚುತ್ತೆ!" ಪ್ರೊಡಕ್ಷನ್ ಹುಡುಗನೊಬ್ಬ ಎಣ್ಣೆ ಡಬ್ಬಿ ತಂದೇಬಿಟ್ಟ: "ಎರಡು ತೊಟ್ಟು ಬಿಟ್ರೆ ಸುಮ್ಮನಾಗುತ್ತೆ ಅಣ್ಣ."

ಅಯ್ಯೋ ರಾಮ! ಈ ಗಾಡಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕು. ಪೆಡಲ್ ಒತ್ತಿದ್ರೆ ಒಳಗಿನ ಎರಡು ಶೂ ಅಗಲವಾಗಿ, ಅವುಗಳ ಲೈನಿಂಗು ಡ್ರಮ್ಮಿಗೆ ಉಜ್ಜಬೇಕು. ಉಜ್ಜಿದ್ರೇ ಗಾಡಿ ನಿಲ್ಲೋದು. ಎಣ್ಣೆ ಬಿಟ್ರೆ ಸದ್ದೂ ಇಲ್ಲ, ಬ್ರೇಕೂ ಇಲ್ಲ.

ಡಬ್ಬಿ ಕಿತ್ಕೊಂಡು, ಯಾವ ಚಕ್ರದ ಸದ್ದು ಅಂತ ಹುಡುಕಿದೆ. ಸಪಾಟು ಜಾಗದಲ್ಲಿ ಗೋಡೆ ಪಕ್ಕ, ಗ್ಲಾಸ್ ಇಳಿಸಿ ನಿಧಾನವಾಗಿ ಓಡಿಸಿ ಪೆಡಲ್ ಒತ್ತಿ; ಗೋಡೆ ಕಡೆ ಚಕ್ರದ್ದಾದ್ರೆ ಸದ್ದು ವಾಪಸ್ ಬಂದು ಕಿವಿಗೇ ಬಡಿಯುತ್ತೆ. ಆಮೇಲೆ ಬರೀ ಹ್ಯಾಂಡ್ ಬ್ರೇಕ್ ಎಳೀರಿ. ಅದು ಹಿಡಿಯೋದು ಹಿಂದಿನ ಚಕ್ರ ಮಾತ್ರ. ಆಗ ಸದ್ದಿಲ್ಲ ಅಂದ್ರೆ ಅನುಮಾನ ಮುಂದಿನವರ ಮೇಲೆ! ಸದ್ದಿನ ಜಾತೀನೂ ನೋಡ್ಬೇಕು. ಸಣ್ಣಗೆ "ಕೀಂ" ಅಂದ್ರೆ ಲೈನಿಂಗ್ ಗಾಜಿನ ಹಾಗೆ ನುಣುಪಾಗಿದೆ, ಇಲ್ಲಾ ಧೂಳು ಕೂತಿದೆ. "ಗರಗರ" ಅಂದ್ರೆ ಲೈನಿಂಗ್ ಸವೆದು ರಿವೆಟ್ಟೇ ಡ್ರಮ್ಮನ್ನು ಕೆರೀತಿದೆ. ಆಗ ಒಂದು ಫರ್ಲಾಂಗೂ ಓಡಿಸ್ಬೇಡಿ.

ನಂದು "ಕೀಂ", ಮುಂದಿನ ಬಲ ಚಕ್ರ. ಜಾಕಿ ಹಾಕಿ ಡ್ರಮ್ ಬಿಚ್ಚಿದೆ. ಬಾಯಲ್ಲಿ ಊದೀರಾ, ಜೋಕೆ! ಹಳೇ ಲೈನಿಂಗಿನ ಧೂಳಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೇಲಿ ಒರೆಸಿ. ಲೈನಿಂಗೇ ಆ ಕಾಲದ್ದಾದ್ರೆ ಉಜ್ಜೋ ಗೋಜಿಗೆ ಹೋಗದೆ ಬದಲಾಯಿಸಿಬಿಡಿ. ನಂದು ಆಸ್ಬೆಸ್ಟಾಸ್ ಇಲ್ಲದ ಹೊಸದು. ನುಣುಪು ಹೋಗೋವರೆಗೆ ಎಮರಿ ಕಾಗದ ಆಡಿಸಿ, ಅಂಚನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡಿದೆ. ಸದ್ದು ಮಾಯ! ಎಲ್ರೂ ಚಪ್ಪಾಳೆ.

ನನಗ್ಯಾಕೋ ಸಮಾಧಾನ ಇಲ್ಲ. ಒಂದು ಬಿಚ್ಚಿದ್ರೆ ನಾಲ್ಕೂ ಬಿಚ್ಚು ಅನ್ನೋದು ನಮ್ಮ ಮೇಸ್ತ್ರಿ ಕಲಿಸಿದ ಪಾಠ. ಹಿಂದಿನ ಎಡ ಚಕ್ರ ಬಿಚ್ಚಿದ್ರೆ... ಎದೆ ಧಸಕ್ ಅಂತು! ಆಯಿಲ್ ಸೀಲ್ ಹೋಗಿ, ಆಕ್ಸಲ್ ಆಯಿಲ್ ಸೋರಿ ಲೈನಿಂಗೆಲ್ಲ ತೊಯ್ದಿದೆ. ಕಿರುಚ್ತಿದ್ದ ಚಕ್ರ ಪಾಪ, ಹಿಡೀತಾನಾದ್ರೂ ಇತ್ತು. ಬಾಯಿ ಮುಚ್ಕೊಂಡಿದ್ದ ಈ ಚಕ್ರ ಹಿಡೀತಾನೇ ಇರ್ಲಿಲ್ಲ.

"ಒಂದೇ ಶಾಟ್ ಅಣ್ಣ, ಐದು ನಿಮಿಷ" ಅಂದ್ರು ಮ್ಯಾನೇಜರ್. ಮರದ ಕೆಳಗೆ ಆ ಮಗು ತನ್ನ ಡೈಲಾಗ್ ಉರು ಹೊಡೀತಾ ಕೂತಿತ್ತು. ನಾನು ಕೀ ಜೇಬಿಗಿಟ್ಟೆ. ಆವತ್ತಿನ ಬಾಡಿಗೆ ಖೋತಾ, ಮೇಲೆ ಬೈಗುಳ ಬೇರೆ.

ಮಾರನೇ ದಿನ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸೀಲ್ ತಂದೆ. ಎಣ್ಣೆ ಕುಡಿದ ಲೈನಿಂಗ್ ಒರೆಸಿದ್ರೆ ಸರಿಹೋಗಲ್ಲ. ಹಿಂದಿನ ಎರಡೂ ಚಕ್ರಕ್ಕೆ ಹೊಸದು ಹಾಕಿಸಿದೆ. ಒಂದಕ್ಕೆ ಮಾತ್ರ ಹಾಕಿದ್ರೆ ಎರಡೂ ಸಮನಾಗಿ ಹಿಡಿಯೋಲ್ಲ. ಶಾಟ್ ಓಕೆ ಆಯ್ತು. ಬೆಟ್ಟ ಇಳಿದು ಬುಡದ ಮಣ್ಣು ರಸ್ತೇಲಿ ಗಾಡಿ ಬೆಕ್ಕಿನ ಹಾಗೆ ನಿಂತಿತು.

ಚಿತ್ರ ಬಿಡುಗಡೆ ಆದಾಗ ನೋಡೋಕೆ ಹೋದೆ. ಅದೇ ಮಣ್ಣು ರಸ್ತೆ, ನನ್ನ ಗಾಡಿ ಬಂದು ನಿಲ್ತು. "ಕ್ರೀ...ಚ್!" ಪಕ್ಕದ ಸೀಟಿನ ಹುಡುಗ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ.