ಹೆಸರಿನ ಮೇಲಿನ ಗೀಟು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬ ಕಂಪ್ಯೂಟರಿನ ಒಳಗುಟ್ಟನ್ನು ಕುರಿತು ಬರೆಯಹೊರಟರೆ, “ಇವನಿಗೇಕೆ ಈ ಉಸಾಬರಿ?” ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ವಿಷಯ ಬರಿಯ ಯಂತ್ರದ್ದಲ್ಲ, ಮನುಷ್ಯರ ಹೆಸರಿನದು. ಆ ಬಗ್ಗೆ ಮಾತನಾಡಲು ಎಲ್ಲರಿಗೂ ಅಧಿಕಾರವುಂಟು.

ಉತ್ತರಹಳ್ಳಿಗೆ ಹತ್ತಿರದ ನಮ್ಮ ಸುಬ್ರಹ್ಮಣ್ಯಪುರದಲ್ಲಿ, ಅರ್ಜಿ ತುಂಬಿಕೊಡುವ ಒಂದು ಸಣ್ಣ ಅಂಗಡಿಯಲ್ಲಿ ನಾನು ಬಿಡುವಿನ ವೇಳೆ ಕೆಲಸ ಮಾಡುತ್ತೇನೆ. ಗಿರಾಕಿಗಳ ಹೆಸರು, ವಿಳಾಸ, ಬಾಕಿ ಎಲ್ಲವೂ ಅಲ್ಲಿನ ಹಳೆಯ ಪ್ರೋಗ್ರಾಮಿನಲ್ಲಿ ದಾಖಲಾಗಬೇಕು. ಅರ್ಜಿಯೂ ಅದರಿಂದಲೇ ಅಚ್ಚಾಗಿ ಬರಬೇಕು. ಒಂದು ದಿನ, ಮಂಗಳೂರಿನ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ತಾಯಿಯೊಬ್ಬರು ಮಗಳ ಅರ್ಜಿ ಹಾಕಿಸಲು ಬಂದರು. ಮನೆತನದ ಹೆಸರು ಡಿ’ಸೋಜ. ಇಂಗ್ಲಿಷಿನಲ್ಲಿ ಬರೆಯುವಾಗ ‘ಡಿ’ ಅಕ್ಷರದ ಮಗ್ಗುಲಲ್ಲಿ, ಮೇಲ್ಗಡೆ, ಅಪಾಸ್ಟ್ರಫಿ ಎಂಬ ಒಂದು ಪುಟ್ಟ ಗೀಟು ಬರುತ್ತದೆ. ಡಿ’ಸಿಲ್ವ, ಡಿ’ಕುನ್ಹ, ಡಿ’ಕೋಸ್ಟ ಎಂದು ಕರಾವಳಿಯಲ್ಲಿ ಇಂಥ ಹೆಸರುಗಳು ಎಷ್ಟೋ ಇವೆ. ನಾನು ಹೆಸರನ್ನು ಒತ್ತಿದೊಡನೆ ಪ್ರೋಗ್ರಾಮು ತಪ್ಪಾಯಿತೆಂದು ನಿಂತುಬಿಟ್ಟಿತು.

“ಆ ಗೀಟು ತೆಗೆದುಹಾಕಪ್ಪ, ಹೋಗುತ್ತೆ” ಎಂದರು ಅಂಗಡಿಯ ಅಣ್ಣ.

“ಅದು ನಮ್ಮ ಹೆಸರಲ್ವಾ ಮಾರಾಯ್ರೆ?” ಎಂದರು ಆ ತಾಯಿ.

ಹಿಂದೆ ಜನ ಸಾಲುಗಟ್ಟಿದ್ದರು. ನಾನು ಗೀಟು ತೆಗೆದೆ. ಹದಿನೈದು ದಿನಗಳ ಮೇಲೆ ಅರ್ಜಿ ಹಿಂದಿರುಗಿತು. ಅಂಕಪಟ್ಟಿಯ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆಯಿಲ್ಲವಂತೆ. ಆಕೆ ಒಂದು ದಿನದ ಕೂಲಿ ಬಿಟ್ಟು, ಎರಡೂ ಹೆಸರು ಒಬ್ಬಳದೇ ಎಂದು ನೋಟರಿಯ ಬಳಿ ಅಫಿಡವಿಟ್ ಮಾಡಿಸಬೇಕಾಯಿತು. ನಮ್ಮ ಮನೆಯಲ್ಲಿ ಅರ್ಜಿಯನ್ನು ತಾನೇ ಓದಿ ತುಂಬಿದವರಲ್ಲಿ ನಾನೇ ಮೊದಲಿಗ. ಬರೆಯುವವನ ತಪ್ಪಿಗೆ ಬರೆಸಿದವರು ದಂಡ ತೆರುವುದನ್ನು ನೋಡುತ್ತ ಬೆಳೆದ ನಾನೇ ಆ ತಪ್ಪನ್ನು ಮಾಡಿದ್ದೆ.

ಇದಕ್ಕೆ ಕಾರಣವೇನು? ಡೇಟಾಬೇಸಿಗೆ ಅಪ್ಪಣೆ ಕೊಡುವ ಭಾಷೆ ಎಸ್‌ಕ್ಯೂಎಲ್. 1974ರಲ್ಲಿ ಐಬಿಎಂ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದರ ಮೊದಲ ರೂಪವನ್ನು ಪ್ರಕಟಿಸಿದರು. ಆ ಭಾಷೆಯಲ್ಲಿ ಹೆಸರು, ಊರು ಮುಂತಾದ ಅಂಶಗಳನ್ನು ಎರಡು ಗೀಟುಗಳ ನಡುವೆ ಬರೆಯಬೇಕು. ಹೆಸರಿನೊಳಗೇ ಒಂದು ಗೀಟಿದ್ದರೆ ಯಂತ್ರ ಅದನ್ನೇ ಮುಕ್ತಾಯವೆಂದು ಭಾವಿಸಿ, ಉಳಿದ ‘ಸೋಜ’ವನ್ನು ಅಪ್ಪಣೆಯೆಂದು ಓದಲು ಹೋಗಿ ಎಡವುತ್ತದೆ. ಸಾಧುಗಳ ಹೆಸರಾದರೆ ಕೆಲಸ ನಿಲ್ಲುತ್ತದೆ, ಅಷ್ಟೆ. ಕಿಡಿಗೇಡಿಯಾದವನು ಗೀಟಿನ ನಂತರ ನಿಜವಾದ ಅಪ್ಪಣೆಯನ್ನೇ ಬರೆದರೆ ಇಡೀ ದಾಖಲೆಯನ್ನು ಕದಿಯಬಹುದು, ಅಳಿಸಬಹುದು. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ಹೆಸರಿನ ಈ ಕುತಂತ್ರ 1998ರಷ್ಟು ಹಿಂದೆಯೇ ಬಹಿರಂಗವಾಗಿತ್ತು.

ಚೆಕ್ಕಿನಲ್ಲಿ ಮೊತ್ತ ಬರೆದು ‘ಮಾತ್ರ’ ಎಂದು ಸೇರಿಸಿ ಗೆರೆ ಎಳೆಯುತ್ತೇವಲ್ಲ, ಅದೇಕೆ? ಮುಂದೆ ಯಾರೂ ಏನೂ ಸೇರಿಸಬಾರದೆಂದು. ಇದು ಬರೆಯುವವನ ಎಚ್ಚರಿಕೆಯನ್ನು ನಂಬಿದ ಉಪಾಯ. ಅದಕ್ಕಿಂತ ಉತ್ತಮವಾದದ್ದು ಅಚ್ಚಾದ ನಮೂನೆ: ವಾಕ್ಯವೆಲ್ಲ ಮೊದಲೇ ಅಚ್ಚಾಗಿರುತ್ತದೆ, ಬಿಟ್ಟ ಸ್ಥಳವನ್ನು ಮಾತ್ರ ತುಂಬಬೇಕು. ಅಲ್ಲಿ ಏನು ಬರೆದರೂ ಅಚ್ಚಿನ ವಾಕ್ಯ ಬದಲಾಗದು. ಕಂಪ್ಯೂಟರಿನಲ್ಲಿ ಈ ಬಿಟ್ಟ ಸ್ಥಳಕ್ಕೆ ಬೈಂಡ್ ವೇರಿಯಬಲ್ ಎಂದು ಹೆಸರು. ಅಪ್ಪಣೆಯನ್ನು ಪ್ರಶ್ನಾರ್ಥಕ ಚಿಹ್ನೆಗಳೊಡನೆ ಮೊದಲು ಕಳುಹಿಸಿ, ಅಂಶಗಳನ್ನು ಬೇರೆಯಾಗಿ ಕಳುಹಿಸುವುದು ಅದರ ಕ್ರಮ.

ತೊಡಕೆಂದರೆ, ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವೆ ದೂತನಂತಿರುವ ಡ್ರೈವರುಗಳಲ್ಲಿ ಕೆಲವಕ್ಕೆ ಈ ವಿದ್ಯೆ ಬಾರದು. ಪಿಎಚ್‌ಪಿಯ ಹಳೆಯ ಮೈಎಸ್‌ಕ್ಯೂಎಲ್ ಡ್ರೈವರು ಅಂಥದೇ ಆಗಿತ್ತು. 2013ರಲ್ಲಿ ಬಳಸಬೇಡಿರೆಂದು ಸಾರಿ, 2015ರಲ್ಲಿ ಅದನ್ನು ತೆಗೆದೇಹಾಕಿದರು. ನಮ್ಮ ಅಂಗಡಿಯ ಡ್ರೈವರೂ ಈ ಜಾತಿಯದು. ಡ್ರೈವರನ್ನು ಬದಲಾಯಿಸುವುದೇ ಮೊದಲ ಮದ್ದು. ಅದಾಗದಿದ್ದರೆ?

ಬಿಸಿಎ ಓದುವ ಮಿತ್ರನೊಡನೆ ಮೂರು ಭಾನುವಾರ ಕುಳಿತು ನಾನು ಕಲಿತದ್ದಿಷ್ಟು. ಹತ್ತಾರು ಕಡೆ ತೇಪೆ ಹಾಕಬಾರದು. ಎಲ್ಲ ಅಪ್ಪಣೆಗಳೂ ಒಂದೇ ಬಾಗಿಲಿನಿಂದ ಹೋಗುವಂತೆ ಮಾಡಿ, ಅಲ್ಲಿ ನಮೂನೆಯನ್ನೂ ಅಂಶಗಳನ್ನೂ ಬೇರೆಬೇರೆಯಾಗಿ ಪಡೆದು, ಬಿಟ್ಟ ಸ್ಥಳಗಳನ್ನು ನಾವೇ ತುಂಬಬೇಕು. ಪಿಎಚ್‌ಪಿಯಲ್ಲಿ 2005ರಲ್ಲಿ ಬಂದ ಪಿಡಿಒ ಕೂಡ, ಡ್ರೈವರಿಗೆ ಈ ಶಕ್ತಿಯಿಲ್ಲದಾಗ ಇದನ್ನೇ ಮಾಡುತ್ತದೆ. ಸಂಖ್ಯೆಯ ಜಾಗದಲ್ಲಿ ಸಂಖ್ಯೆಯೇ ಇದೆಯೇ ಎಂದು ನೋಡಬೇಕು. ಅದರ ಸುತ್ತ ಗೀಟುಗಳಿಲ್ಲದಿರುವುದರಿಂದ ಗೀಟಿನ ಕಾವಲು ಅಲ್ಲಿ ನಿಷ್ಪ್ರಯೋಜಕ. ಹೆಸರಿನೊಳಗಿನ ಗೀಟನ್ನು ಆಯಾ ಡೇಟಾಬೇಸಿನ ನಿಯಮದಂತೆ ಬರೆಯಬೇಕು. ಸಾಮಾನ್ಯವಾಗಿ ಎರಡು ಸಲ ಬರೆದರೆ ಸಾಕು. ಆದರೆ ಮೈಎಸ್‌ಕ್ಯೂಎಲ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಎಂಬ ಓರೆಗೆರೆಗೂ ವಿಶೇಷಾರ್ಥವಿದೆ, ಅದನ್ನು ಮರೆತರೆ ಮುಚ್ಚಿದ ಬಾಗಿಲು ಮತ್ತೆ ತೆರೆಯುತ್ತದೆ. ನಮೂನೆಯನ್ನು ಒಮ್ಮೆ ಮಾತ್ರ ಎಡದಿಂದ ಬಲಕ್ಕೆ ಓದಿ ತುಂಬಬೇಕು. ಇಲ್ಲದಿದ್ದರೆ ಯಾರದೋ ವಿಳಾಸದಲ್ಲಿರುವ ಪ್ರಶ್ನಾರ್ಥಕ ಚಿಹ್ನೆಯೇ ಮುಂದಿನ ಬಿಟ್ಟ ಸ್ಥಳವೆನಿಸೀತು. ಕೋಷ್ಟಕದ ಹೆಸರು, ಅಂಕಣದ ಹೆಸರುಗಳನ್ನು ಒಳ್ಳೆಯ ಡ್ರೈವರಿನಲ್ಲೂ ಹೀಗೆ ತುಂಬಲಾಗದು. ಅವನ್ನು ನಾವೇ ಬರೆದಿಟ್ಟ ಪಟ್ಟಿಯಿಂದ ಆರಿಸಬೇಕು.

“ಇಷ್ಟೆಲ್ಲ ರಗಳೆಯೇಕೆ, ಗೀಟನ್ನೇ ನಿಷೇಧಿಸಿದರಾಯಿತು” ಎನ್ನುವವರಿದ್ದಾರೆ. ಬಂದ ಅಂಶಗಳಿಗೆಲ್ಲ ತಾನಾಗಿಯೇ ಓರೆಗೆರೆ ಸೇರಿಸುವ ಏರ್ಪಾಡೊಂದು ಪಿಎಚ್‌ಪಿಯಲ್ಲಿತ್ತು. ಅದರಿಂದ ಎಷ್ಟೋ ಕಡೆ ಇಂಥ ಹೆಸರುಗಳಿಗೆ ಇಲ್ಲದ ಗೆರೆ ಅಂಟಿಕೊಂಡಿತು. 2012ರಲ್ಲಿ ಅದನ್ನೂ ಕೈಬಿಟ್ಟರು. ಕಳೆದರೂ ಕೂಡಿದರೂ ಹೆಸರು ಕೆಟ್ಟಂತೆಯೇ. ಹೆಸರು ಅದನ್ನು ಹೊತ್ತವರ ಸ್ವತ್ತು. ಪ್ರೋಗ್ರಾಮು ಬರೆಯುವವನ ಸೋಮಾರಿತನಕ್ಕೆ ಅದನ್ನು ಕತ್ತರಿಸುವ ಹಕ್ಕು ಯಾರಿಗೂ ಇಲ್ಲ. ಶ್ರಮಪಡಬೇಕಾದವನು ಯಂತ್ರವನ್ನು ಬಲ್ಲವನೇ ಹೊರತು ಕಿಟಕಿಯ ಮುಂದೆ ನಿಂತವರಲ್ಲ.

ಕಳೆದ ತಿಂಗಳು ಆ ತಾಯಿ ಬೇರೊಂದು ಅರ್ಜಿಗಾಗಿ ಮತ್ತೆ ಬಂದಿದ್ದರು. ಹೆಸರನ್ನು ಗೀಟಿನ ಸಮೇತ ಒತ್ತಿದೆ, ಪ್ರೋಗ್ರಾಮು ಚಕಾರವೆತ್ತಲಿಲ್ಲ. ಅಚ್ಚಾದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, “ಈಗ ಸರಿ ಉಂಟು” ಎಂದರು. ಆ ಮಾತು ಕೇಳಿಸಿಕೊಳ್ಳಲು ಮೂರು ಭಾನುವಾರಗಳು ಹೆಚ್ಚಿನ ಬೆಲೆಯಲ್ಲವೆಂದೇ ನನ್ನ ಅಭಿಪ್ರಾಯ.