ಹುಣ್ಣು ಕೆರೆಸುವ ಮುನ್ನ

ಕಾಲಿನ ಮೇಲೊಂದು ಕೀವುಗುಳ್ಳೆ ಎದ್ದು, ಕೆಲವೇ ದಿನಗಳಲ್ಲಿ ಒಡೆದು ಅಗಲವಾದ ಹುಣ್ಣಾಯಿತೆನ್ನಿ. ಅಂಚು ನೇರಳೆ ಬಣ್ಣ, ನೋವು ವಿಪರೀತ. ಶ್ರೀನಿವಾಸಪುರದ ಮಾವಿನ ತೋಟದಲ್ಲೋ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲೋ ಆದ ತರಚುಗಾಯದಿಂದಲೂ ಇದು ಶುರುವಾಗಬಹುದು. ನಮ್ಮಂಥ ಸಾಮಾನ್ಯ ವೈದ್ಯರೂ ಮೊದಲಿಗೆ ಸೋಂಕೆಂದೇ ತಿಳಿಯುತ್ತೇವೆ. ಆದರೆ ಕೆರೆದಷ್ಟೂ ಹುಣ್ಣು ಹಿಗ್ಗುತ್ತದೆ!

ಇದು ಪಯೋಡರ್ಮಾ ಗ್ಯಾಂಗ್ರಿನೋಸಮ್ ಎಂಬ ಅಪರೂಪದ ಕಾಯಿಲೆ ಇರಬಹುದು. 1930ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಸೋಂಕೆಂದು ಭಾವಿಸಿ ಇಟ್ಟ ಹೆಸರಿದು. ನಿಜವಾಗಿ ಇದು ಸೋಂಕಲ್ಲ, ಗ್ಯಾಂಗ್ರೀನೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆ ಹಾದಿ ತಪ್ಪಿ ಎಬ್ಬಿಸಿದ ಉರಿಯೂತ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕರುಳಿನ ಉರಿಯೂತ, ಕೀಲುವಾತ ಜೊತೆಗಿರಬಹುದು; ಮಲದಲ್ಲಿ ರಕ್ತ ಹೋಗುತ್ತಿದ್ದರೆ ಸಂಕೋಚಪಡದೆ ಹೇಳಿ.

ಇದನ್ನು ಗುರುತಿಸಲು ಒಂದೇ ಪರೀಕ್ಷೆ ಸಾಲದು. ಹುಣ್ಣಿನ ಅಂಚಿನ ಚೂರು ತೆಗೆದು ಪರೀಕ್ಷಿಸಿ, ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಪ್ರೆಡ್ನಿಸೊಲೋನ್, ಸೈಕ್ಲೋಸ್ಪೊರಿನ್ ಇದರ ಮುಖ್ಯ ಔಷಧಿಗಳು. ಅಂಗಡಿಯಿಂದ ನೀವೇ ಕೊಂಡು ನುಂಗಬೇಡಿ, ಸೋಂಕಿದ್ದರೆ ಅಪಾಯ.

ಸಕ್ಕರೆ ಕಾಯಿಲೆಯವರ ಕೊಳೆತ ಹುಣ್ಣನ್ನು ಕೆರೆದು ಶುಚಿ ಮಾಡಲೇಬೇಕಾಗುತ್ತದೆ, ನಿಜ. ಆದರೆ ಕೆರೆದ ಮೇಲೂ ಬೆಳೆದರೆ, ಎರಡನೇ ಸಲ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಚರ್ಮತಜ್ಞರಿಗೆ ತೋರಿಸಿ. ಮುಳಬಾಗಿಲಿನವರು ಅದಕ್ಕಾಗಿ ಕೋಲಾರಕ್ಕೆ ಬಸ್ಸು ಹತ್ತಿದರೂ ನಷ್ಟವಿಲ್ಲ, ಕಾಲು ಉಳಿದೀತು.